ಕೋತಿಗೆ ಆಶ್ರಯ ಕೊಡ್ತೀವಿ ಅಂತ ಬರುವವರನ್ನು ನಂಬಬೇಡಿ

ಮೂಡಿಗೆರೆ, ಸಕಲೇಶಪುರ ಕಡೆಯವರು ದಯವಿಟ್ಟು ಪೂರ್ತಿ ಓದಿ. "ಸಾಕಿದ ಕೋತಿ ಇದ್ರೆ ಕೊಡಿ, ನಮ್ಮದೇ ಐದು ಎಕರೆ ಜಾಗ ಇದೆ, ನೋಡ್ಕೋತೀವಿ" ಅಂತ ಒಬ್ಬ ತೋಟ ತೋಟ ಸುತ್ತುತ್ತಿದ್ದಾನೆ. ದುಡ್ಡು ತಗೊಂಡು ಕೋತಿಯನ್ನು ಘಾಟಿಯಲ್ಲಿ ಬಿಟ್ಟು ಹೋಗುತ್ತಾನೆ.

ನಮ್ಮ ಪಕ್ಕದ ತೋಟದಲ್ಲಿ ಒಂದು ಗಂಡು ಕೋತಿ ಇತ್ತು. ತಾಯಿ ಕರೆಂಟ್ ಹೊಡೆದು ಸತ್ತಾಗ ಮರಿಯನ್ನು ತಂದು ಸಾಕಿದ್ದರು. ಚಿಕ್ಕದಿದ್ದಾಗ ಹೆಗಲ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿತ್ತು, ಎಲ್ಲರಿಗೂ ಮುದ್ದು. ಆದರೆ ಗಂಡು ಕೋತಿ ಬೆಳೆದು ಕೋರೆಹಲ್ಲು ಬಲಿತ ಮೇಲೆ ಮುದ್ದು ಎಲ್ಲಿರುತ್ತೆ? ಮನೆಯವರನ್ನೇ ಕಚ್ಚಿತು. ಅಂದಿನಿಂದ ಹಲಸಿನ ಮರಕ್ಕೆ ಕಟ್ಟಿದರು. ಸೊಂಟದ ಹಗ್ಗ ಸಡಿಲ ಮಾಡಲು ಯಾರೂ ಹತ್ತಿರ ಹೋಗಲಿಲ್ಲ. ಮೈ ಬೆಳೆದ ಹಾಗೆ ಹಗ್ಗ ಚರ್ಮದೊಳಗೆ ಹೂತುಕೊಂಡು ಸುತ್ತ ಕೀವು, ನೊಣ. ಕೂತಲ್ಲೇ ತೂಗಾಡುತ್ತಾ ತನ್ನ ತೋಳಿನ ಕೂದಲನ್ನು ತಾನೇ ಕೀಳುತ್ತಿತ್ತು. ನೋಡೋಕೆ ಆಗುತ್ತಿರಲಿಲ್ಲ.

ಅರಣ್ಯ ಇಲಾಖೆಗೆ ಹೇಳೋಣ ಅಂದರೆ ತೋಟದ ಯಜಮಾನರು, "ಬೇಡ ಕಣಮ್ಮ, ನಮ್ಮ ಮೇಲೇ ಕೇಸ್ ಹಾಕ್ತಾರೆ" ಅಂತ ಹೆದರಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ಊರಿನ ಕೋತಿಯನ್ನು ಸಾಕುವ ಹಾಗಿಲ್ಲ, ನಿಜ. ಈ ಹೆದರಿಕೆಯೇ ಕೋತಿ ಕೇಳಿಕೊಂಡು ಸುತ್ತುವ ಆ ಮನುಷ್ಯನ ಬಂಡವಾಳ.

ಯಾರೋ ಅವನ ನಂಬರ್ ಕೊಟ್ಟರು. ಪಿಕಪ್ ತಂದ, ಮೊಬೈಲಲ್ಲಿ ದೊಡ್ಡ ಬೋನಿನ ಫೋಟೊ ತೋರಿಸಿದ. ಊಟಕ್ಕೆ, ಡಾಕ್ಟರಿಗೆ ಅಂತ ಎಂಟು ಸಾವಿರ ತಗೊಂಡ. ರಸೀದಿ ಇಲ್ಲ. ಜಾಗ ಎಲ್ಲಿ ಅಂದರೆ "ಬೆಂಗಳೂರು ಹತ್ತಿರ" ಅಷ್ಟೇ.

ಸ್ವಲ್ಪ ದಿನಕ್ಕೆ ಚಾರ್ಮಾಡಿ ಘಾಟಿಯ ಒಂದು ವಿಡಿಯೊ ಬಂತು. ಕಾರು ನಿಲ್ಲಿಸಿದವರ ಪ್ಯಾಂಟ್ ಹಿಡಿದು ಜಗ್ಗುತ್ತಿದ್ದ ಕೋತಿ, ಸೊಂಟದ ಸುತ್ತ ಅದೇ ಹಸಿ ಗಾಯ. ಅಲ್ಲಿನ ಗುಂಪಿನ ಗಂಡು ಕೋತಿಗಳು ಅದರ ಕಿವಿಯನ್ನು ಹರಿದುಹಾಕಿದ್ದವು. ಒಬ್ಬ ಕಲ್ಲು ಹೊಡೆಯುತ್ತಿದ್ದ. ಮನುಷ್ಯರ ಕೈಯಲ್ಲಿ ಬೆಳೆದ ಕೋತಿಗೆ ಕಾಡಲ್ಲಿ ಏನು ತಿನ್ನಬೇಕು, ಗುಂಪಲ್ಲಿ ಯಾರಿಗೆ ತಗ್ಗಬೇಕು ಗೊತ್ತಿರಲ್ಲ. ಹಸಿವಾದರೆ ನಮ್ಮ ಹತ್ತಿರವೇ ಬರುತ್ತೆ. ಕೋತಿ ಕಾಟದ ಸಿಟ್ಟು ನಮ್ಮ ಕಡೆ ಮೊದಲೇ ಜಾಸ್ತಿ. 2021ರ ಜುಲೈನಲ್ಲಿ ಹಾಸನ ಜಿಲ್ಲೆಯಲ್ಲಿ ಚೀಲದೊಳಗೆ 38 ಕೋತಿ ಸತ್ತು ಬಿದ್ದಿದ್ದು ನೆನಪಿದೆ ಅಲ್ವಾ?

ಕೊನೆಗೆ ಆ ಕೋತಿಯನ್ನು ಅರಣ್ಯ ಇಲಾಖೆಯವರೇ ಹಿಡಿದರು. ಪಶುವೈದ್ಯರು ಅರಿವಳಿಕೆ ಕೊಟ್ಟು ಹಗ್ಗದ ಚೂರು ತೆಗೆದರು. ಅದು ಬದುಕಿದೆ, ಆದರೆ ಇನ್ನು ಕಾಡಿಗೆ ಬಿಡೋಕಾಗಲ್ಲ ಅಂದಿದ್ದಾರೆ. ಯಜಮಾನರ ಹೇಳಿಕೆ ಬರೆದುಕೊಂಡರು.

ಕಟ್ಟಿಹಾಕಿದ ಕೋತಿ ಕಂಡರೆ 1926ಕ್ಕೆ ಫೋನ್ ಮಾಡಿ, ಅದು ಅರಣ್ಯ ಇಲಾಖೆಯ ಸಹಾಯವಾಣಿ. ಇಲ್ಲವೇ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ. ಹಗ್ಗ ನೀವೇ ಕತ್ತರಿಸಬೇಡಿ, ಕಚ್ಚುತ್ತೆ. ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ ಕಾಲು ಗಂಟೆ ತೊಳೆದು ಅವತ್ತೇ ರೇಬಿಸ್ ಚುಚ್ಚುಮದ್ದಿಗೆ ಆಸ್ಪತ್ರೆಗೆ ಹೋಗಿ. ಆಶ್ರಯ ಕೊಡ್ತೀವಿ ಅನ್ನುವವರು ಯಾರೇ ಬರಲಿ, ಇಲಾಖೆಯ ಅನುಮತಿ ಪತ್ರ ಕೇಳಿ, ಪತ್ರ ಇಲ್ಲದಿದ್ದರೆ ಕೋತಿ ಕೊಡಬೇಡಿ. ಅವನ ಹಳೇ ನಂಬರ್ ಈಗ ಸ್ವಿಚ್ ಆಫ್. ಅದೇ ಬೋನಿನ ಫೋಟೊ ಹೊಸ ನಂಬರಿಂದ ಸಕಲೇಶಪುರದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ನಿಮಗೆ ಬಂದಿದ್ದರೆ ಆ ನಂಬರನ್ನು ಇಲಾಖೆಗೆ ಕೊಡಿ.