ಸರದಿ ಯಾರ ಕೈಯಲ್ಲಿರಬೇಕು? ಲಿನಕ್ಸ್‌ನ ನಾಲ್ಕು ಐ/ಒ ಷೆಡ್ಯೂಲರ್‌ಗಳ ಹೋಲಿಕೆ

ಡಿಸ್ಕ್‌ಗೆ ಹೋಗುವ ಓದು-ಬರಹದ ಆದೇಶಗಳನ್ನು ಯಾವ ಕ್ರಮದಲ್ಲಿ ಕಳುಹಿಸಬೇಕೆಂದು ನಿರ್ಧರಿಸಲು ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಈಗ ನಾಲ್ಕು ಆಯ್ಕೆಗಳಿವೆ: ಎಂಕ್ಯೂ-ಡೆಡ್‌ಲೈನ್, ಬಿಎಫ್‌ಕ್ಯೂ, ಕೈಬರ್, ಮತ್ತು ಯಾವ ಷೆಡ್ಯೂಲರೂ ಬೇಡವೆನ್ನುವ ‘ನನ್’ (none). ದೊಡ್ಡ ಕಡತವೊಂದರ ನಕಲಿಗೆ ಎಷ್ಟು ಹೊತ್ತು ಹಿಡಿಯಿತೆಂದು ಅಳೆದು ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಹೊರಟರೆ ದಾರಿ ತಪ್ಪುತ್ತದೆ. ಆ ಲೆಕ್ಕದಲ್ಲಿ ನಾಲ್ಕೂ ಹೆಚ್ಚುಕಡಿಮೆ ಸಮ. ನಕಲು ನಡೆಯುತ್ತಿರುವಾಗಲೇ ಇನ್ನೊಂದು ಪ್ರೋಗ್ರಾಂ ತೆರೆಯಲು ಹೋದಾಗ ಇವುಗಳ ಗುಣ ಬಯಲಾಗುತ್ತದೆ. ಹಾಗಾಗಿ ನನ್ನ ಪರೀಕ್ಷೆಯೂ ಅದೇ: ಹಿನ್ನೆಲೆಯಲ್ಲಿ ಎಡೆಬಿಡದ ಬರಹ, ನಡುನಡುವೆ 4 ಕಿಲೋಬೈಟ್‌ನ ಚದುರಿದ ಓದುಗಳು. ಕಡತಗಳ ಪ್ರತಿಯನ್ನು ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುವ ಪೇಜ್ ಕ್ಯಾಶ್ ತಪ್ಪಿಸಿ ನೇರ ಡಿಸ್ಕ್‌ಗೇ ಹೋಗುವಂತೆ ಮಾಡಿದ್ದೆ. ಇಲ್ಲದಿದ್ದರೆ ಅಳೆಯುವುದು ರ‍್ಯಾಮ್‌ನ ವೇಗವನ್ನೇ.

ಹಾರ್ಡ್ ಡಿಸ್ಕ್‌ನ ಮೇಲೆ ಬಿಎಫ್‌ಕ್ಯೂ ಗೆದ್ದಿತು, ಅದೂ ನಿರಾಯಾಸವಾಗಿ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಜಾಗ ಓದು-ಬರಹದ ಹೆಡ್‌ನ ಕೆಳಗೆ ಬರಲು ಸರಾಸರಿ ಅದರ ಅರ್ಧ ಕಾಯಬೇಕು. ಹೆಡ್ ಅತ್ತಿತ್ತ ಸರಿಯುವ ಹೊತ್ತು ಬೇರೆ. ಬಿಎಫ್‌ಕ್ಯೂ ಪ್ರತಿ ಪ್ರಕ್ರಿಯೆಗೂ (ಓಡುತ್ತಿರುವ ಪ್ರೋಗ್ರಾಂಗೂ) ಇಷ್ಟು ಸೆಕ್ಟರ್, ಅಂದರೆ ಡಿಸ್ಕ್‌ನ ಇಷ್ಟು ತುಣುಕು, ಎಂದು ಪಾಲು ಕೊಡುತ್ತದೆ. ಒಂದು ಪ್ರಕ್ರಿಯೆಯ ಆದೇಶ ಮುಗಿದ ಮೇಲೆ, ಅದರಿಂದಲೇ ಇನ್ನೊಂದು ಬಂದೀತೆಂದು 8 ಮಿಲಿಸೆಕೆಂಡ್‌ವರೆಗೆ ಡಿಸ್ಕ್ ಅನ್ನು ಸುಮ್ಮನೆ ಇರಿಸುವುದೂ ಉಂಟು. ಕೆಲಸ ಬಾಕಿ ಇರುವಾಗ ಡಿಸ್ಕ್ ಅನ್ನು ಖಾಲಿ ಕೂರಿಸುವುದು ಮೇಲ್ನೋಟಕ್ಕೆ ಅವಿವೇಕ. ಆದರೆ ಹೆಡ್‌ನ ಒಂದು ವ್ಯರ್ಥ ಓಡಾಟ ತಪ್ಪಿದರೂ ಆ ಕಾಯುವಿಕೆ ವಸೂಲಾಗುತ್ತದೆ. ಬರಹದ ಹೊರೆಯ ನಡುವೆಯೂ ಪ್ರೋಗ್ರಾಂ ತೆರೆದುಕೊಂಡ ರೀತಿಯಲ್ಲಿ ಈ ವ್ಯತ್ಯಾಸ ಬರಿಗಣ್ಣಿಗೇ ಕಾಣಿಸಿತು.

ಅದೇ ಡಿಸ್ಕ್‌ನಲ್ಲಿ ಎಂಕ್ಯೂ-ಡೆಡ್‌ಲೈನ್ ಕೂಡ ಕೆಟ್ಟದ್ದೇನಲ್ಲ. ಅದು ಆದೇಶಗಳನ್ನು ಸೆಕ್ಟರ್ ಸಂಖ್ಯೆಯ ಕ್ರಮದಲ್ಲಿ ಜೋಡಿಸಿ ಕಳುಹಿಸುತ್ತದೆ. ಯಾವುದೇ ಆದೇಶ ತೀರ ಹಳತಾಗದಂತೆ ಓದಿಗೆ 500 ಮಿಲಿಸೆಕೆಂಡ್, ಬರಹಕ್ಕೆ 5 ಸೆಕೆಂಡ್ ಗಡುವು ಇಟ್ಟುಕೊಂಡಿರುತ್ತದೆ. ಓದಿಗೆ ಇಷ್ಟು ಒಲವು ತೋರುವುದು ಸರಿಯೇ: ಬರಹವನ್ನು ಪ್ರೋಗ್ರಾಂ ಸಾಮಾನ್ಯವಾಗಿ ಒಪ್ಪಿಸಿ ಮುಂದೆ ಹೋಗುತ್ತದೆ, ಓದಿಗೆ ಮಾತ್ರ ಉತ್ತರ ಬರುವ ತನಕ ನಿಂತಿರುತ್ತದೆ. ಆದರೆ ಆದೇಶ ಯಾವ ಪ್ರೋಗ್ರಾಂನದು ಎಂಬುದನ್ನು ಇದು ಕೇಳುವುದಿಲ್ಲ. ಒಂದೇ ಪ್ರಕ್ರಿಯೆ ಇಡೀ ಡಿಸ್ಕ್ ಅನ್ನು ಆವರಿಸಿಕೊಂಡರೆ ತಡೆಯುವವರಿಲ್ಲ.

ತಿರುಗುವ ಭಾಗವಿಲ್ಲದ, ಫ್ಲ್ಯಾಶ್ ಚಿಪ್‌ಗಳ ಎಸ್‌ಎಸ್‌ಡಿಗೆ ಬಂದರೆ ಆಟವೇ ಬೇರೆ. ಸೆಕ್ಟರ್ ಸಂಖ್ಯೆ ಇಲ್ಲಿ ನೆಪಮಾತ್ರ. ಒಂದರ ಪಕ್ಕ ಒಂದಿರುವ ಎರಡು ಸಂಖ್ಯೆಗಳ ದತ್ತಾಂಶ ಎರಡು ಬೇರೆ ಚಿಪ್‌ಗಳಲ್ಲಿ ಇರಬಹುದು. ಎಲ್ಲಿದೆಯೆಂಬ ನಕ್ಷೆ ಡ್ರೈವ್‌ನ ಒಳಗಿರುವ ಕಂಟ್ರೋಲರ್‌ಗೆ ಗೊತ್ತು, ಕರ್ನಲ್‌ಗೆ ಗೊತ್ತಿಲ್ಲ. ಫ್ಲ್ಯಾಶ್‌ನಲ್ಲಿ ಒಂದು ಪುಟ ಓದಲು ಹಲವು ಹತ್ತು ಮೈಕ್ರೋಸೆಕೆಂಡ್ ಸಾಕು, ಬರೆಯಲು ನೂರಾರು ಬೇಕು, ಹಲವು ಪುಟಗಳ ಒಂದು ಬ್ಲಾಕ್ ಅಳಿಸಲು ಮಿಲಿಸೆಕೆಂಡ್‌ಗಳೇ ಹಿಡಿಯುತ್ತವೆ. ಅಳಿಸುವ ಕೆಲಸದಲ್ಲಿರುವ ಚಿಪ್‌ನಿಂದಲೇ ಓದಬೇಕಾಗಿ ಬಂದರೆ ಆ ಓದು ಸಿಕ್ಕಿಬೀಳುತ್ತದೆ. ಇದಕ್ಕಾಗಿಯೇ ಹಲವು ಕಂಟ್ರೋಲರ್‌ಗಳು ಅಳಿಸುವಿಕೆಯನ್ನು ಅರ್ಧದಲ್ಲೇ ನಿಲ್ಲಿಸಿ, ಓದನ್ನು ಮುಗಿಸಿ, ಮತ್ತೆ ಮುಂದುವರಿಸುತ್ತವೆ. ಯಾವ ಚಿಪ್ ಬಿಡುವಾಗಿದೆ ಎಂದು ನೋಡಿ ಆದೇಶಗಳನ್ನು ಹಿಂದುಮುಂದು ಮಾಡುವುದೂ ಕಂಟ್ರೋಲರ್‌ನದೇ ಕೆಲಸ. ಆಯ್ಕೆಗೆ ಎದುರಿಗೆ ಸಾಕಷ್ಟು ಆದೇಶಗಳಿದ್ದರೆ ಮಾತ್ರ ಈ ಜಾಣತನ ಫಲ ಕೊಡುತ್ತದೆ. ಹಳೆಯ ಬಗೆಯ ಜೋಡಣೆಯಾದ ಸಾಟಾದ ಡ್ರೈವ್‌ಗೆ ಒಮ್ಮೆಗೆ 32 ಆದೇಶಗಳನ್ನಷ್ಟೇ ಕೊಡಬಹುದು. ವೇಗದ ಎಸ್‌ಎಸ್‌ಡಿಗಳಿಗೆಂದೇ ಇರುವ ಎನ್‌ವಿಎಂಇ ಮಾನದಂಡದಲ್ಲಿ ಒಂದು ಕ್ಯೂನಲ್ಲೇ (ಆದೇಶಗಳ ಸರದಿಯಲ್ಲೇ) 65,536ರವರೆಗೆ ಅವಕಾಶವಿದೆ, ಅಂಥ ಕ್ಯೂಗಳೂ ಸಾವಿರಾರು ಇರಬಹುದು.

ಆದ್ದರಿಂದ ಎನ್‌ವಿಎಂಇ ಡ್ರೈವ್‌ನಲ್ಲಿ ನನ್ನ ಮತ ‘ನನ್’ಗೆ. ಅಲ್ಲಿ ಬಿಎಫ್‌ಕ್ಯೂ ಹಾಕಿ ನೋಡಿದಾಗ ಚಿಕ್ಕ ಓದುಗಳ ಸಂಖ್ಯೆ ಎದ್ದು ಕಾಣುವಷ್ಟು ಇಳಿಯಿತು, ಪ್ರೊಸೆಸರ್ ಬಳಕೆ ಏರಿತು. ಪ್ರತಿ ಆದೇಶಕ್ಕೂ ಇಷ್ಟು ಲೆಕ್ಕಾಚಾರ ಹಾರ್ಡ್ ಡಿಸ್ಕ್‌ನ ನಿಧಾನದಲ್ಲಿ ಮುಚ್ಚಿಹೋಗುತ್ತದೆ, ಇಲ್ಲಿ ಮುಚ್ಚಿಹೋಗುವುದಿಲ್ಲ. ಸಾಟಾ ಎಸ್‌ಎಸ್‌ಡಿಯಲ್ಲಿ ಎಂಕ್ಯೂ-ಡೆಡ್‌ಲೈನ್ ಉಳಿಸಿಕೊಂಡಿದ್ದೇನೆ: 32ರ ಇಕ್ಕಟ್ಟಿನಲ್ಲಿ ಓದುಗಳಿಗೆ ಯಾರಾದರೂ ಹೊರಗಿನಿಂದಲೇ ದಾರಿ ಮಾಡಿಕೊಡಬೇಕು.

ಕೈಬರ್ ಬಗ್ಗೆ ಹೇಳುವುದು ಕಡಿಮೆ. ಓದಿಗೆ 2, ಬರಹಕ್ಕೆ 10 ಮಿಲಿಸೆಕೆಂಡ್ ಎಂಬ ಗುರಿ ಇಟ್ಟುಕೊಂಡು, ಅದು ಮೀರಿದಾಗ ಒಳಗೆ ಬಿಡುವ ಆದೇಶಗಳ ಸಂಖ್ಯೆಯನ್ನೇ ಬಿಗಿ ಮಾಡುತ್ತದೆ. ಉಪಾಯ ಅಚ್ಚುಕಟ್ಟಾಗಿದೆ, ಒಬ್ಬರೇ ಬಳಸುವ ಯಂತ್ರದಲ್ಲಿ ನನಗೆ ಅದರಿಂದ ಲಾಭ ಕಾಣಲಿಲ್ಲ.

ಪರೀಕ್ಷಿಸಿ ನೋಡುವುದು ಸುಲಭ. /sys/block ಅಡಿಯಲ್ಲಿ ಆಯಾ ಡ್ರೈವ್‌ನ ಕ್ಯೂ (queue) ಫೋಲ್ಡರ್‌ನಲ್ಲಿ ಷೆಡ್ಯೂಲರ್ (scheduler) ಎಂಬ ಕಡತವಿರುತ್ತದೆ. ತೆರೆದರೆ ಲಭ್ಯವಿರುವ ಹೆಸರುಗಳೆಲ್ಲ ಒಂದೇ ಸಾಲಿನಲ್ಲಿರುತ್ತವೆ, ಚಾಲ್ತಿಯಲ್ಲಿರುವುದಕ್ಕೆ ಚೌಕ ಆವರಣ. ಅದಕ್ಕೆ ಬೇರೆ ಹೆಸರು ಬರೆದ ಕ್ಷಣದಿಂದಲೇ ಬದಲಾವಣೆ ಜಾರಿ. ಯಂತ್ರ ಮತ್ತೆ ಶುರುವಾದರೆ ಹಳೆಯದೇ ಬರುತ್ತದೆ. ಕಾಯಂ ಮಾಡಲು, ಸಾಧನಗಳು ಕಂಡಾಗ ಅವುಗಳ ಹೊಂದಿಕೆ ಮಾಡುವ ಯುಡೆವ್‌ಗೆ (udev) ನಿಯಮ ಬರೆಯಬೇಕು. ತಿರುಗುವ ಡಿಸ್ಕ್‌ಗಳಿಗೆಲ್ಲ ಬಿಎಫ್‌ಕ್ಯೂ ಎಂದು ಬರೆಯುವಾಗ ಒಂದು ಎಚ್ಚರ: ಕೆಲವು ಯುಎಸ್‌ಬಿ ಪೆಟ್ಟಿಗೆಗಳು ಒಳಗಿನ ಎಸ್‌ಎಸ್‌ಡಿಯನ್ನೂ ತಿರುಗುವ ಡಿಸ್ಕ್ ಎಂದೇ ತೋರಿಸುತ್ತವೆ. ಅಂಥವಕ್ಕೆ ಮಾದರಿಯ ಹೆಸರು ಹಿಡಿದು ಬೇರೆಯೇ ಸಾಲು ಸೇರಿಸಬೇಕಾಗುತ್ತದೆ.