ಎರೆ ಕೆಸರಿನ ಪರೀಕ್ಷೆ: ಸಲಿಕೆ, ಹಲಗೆ, ಹಗ್ಗ, ವಿಂಚ್, ಟ್ರ್ಯಾಕ್ಟರ್

ರಸ್ತೆಯಿಲ್ಲದ ನೆಲದಲ್ಲಿ ಗಾಡಿ ಓಡಿಸುವ, ಹೂತರೆ ಎತ್ತುವ ಆಫ್‌ರೋಡ್ ತರಬೇತಿ ಎಂದರೆ ವಿಂಚ್ (ಗಾಡಿಗೆ ಕೂರಿಸಿದ, ಹಗ್ಗ ಸುತ್ತಿಕೊಂಡು ಎಳೆಯುವ ಮೋಟಾರು ಡ್ರಮ್) ಎಂದೇ ತಿಳಿದವರು ಬಹಳ. ಜಾಹೀರಾತಿನ ಚಿತ್ರದಲ್ಲಿ ದಟ್ಟ ಕಾಡು, ದಪ್ಪ ಮರ, ಮರಕ್ಕೆ ಬಿಗಿದ ಪಟ್ಟಿ, ಇತ್ತ ಕೆಸರಿನಿಂದ ಮೇಲೇಳುತ್ತಿರುವ ಜೀಪು. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೋಗುವಾಗ ಕಿಟಕಿಯಾಚೆ ನೋಡಿ: ಮೆಕ್ಕೆಜೋಳ, ಈರುಳ್ಳಿ, ಹತ್ತಿ, ಬದುವಿನ ಮೇಲೆ ಅಲ್ಲೊಂದು ಇಲ್ಲೊಂದು ಬೇವು, ದೂರದ ಗುಡ್ಡಗಳ ಮೇಲೆ ಗಾಳಿಯಂತ್ರ. ಆ ಚಿತ್ರದ ಮರವನ್ನು ಇಲ್ಲಿ ಎಲ್ಲಿಂದ ತರುವುದು?

ನಮ್ಮ ಗೆಳೆಯರ ಗುಂಪು ಭರಮಸಾಗರದ ಆಸುಪಾಸಿನಲ್ಲಿ ಕೆಲವು ವರ್ಷಗಳಿಂದ ಇಂಥ ತರಬೇತಿ ದಿನಗಳನ್ನು ನಡೆಸುತ್ತಿದೆ. ಹೂತ ಗಾಡಿಯನ್ನು ಎತ್ತುವ ಐದು ದಾರಿಗಳನ್ನೂ ಒಂದೇ ಬಗೆಯ ಕೆಸರಿನಲ್ಲಿ, ಅವೇ ಗಾಡಿಗಳ ಮೇಲೆ ಹೂಡಿ ನೋಡಿದ್ದೇವೆ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಎರೆ, ಅಂದರೆ ಜಿಗುಟು ಕಪ್ಪು ಮಣ್ಣಿನ ಸೀಮೆಯಲ್ಲಿ ದಿನದ ದೊಡ್ಡ ಪಾಲು ಸಲಿಕೆಗೂ ಟೈರಿನ ಗಾಳಿಗೂ ಸಲ್ಲಬೇಕು, ಹಗ್ಗದ ಪಾಠ ಅದರ ನಂತರ. ವಿಂಚ್ ಸಂಜೆಗೆ, ಹೊತ್ತು ಉಳಿದರೆ.

ಮೊದಲು ನೆಲದ ಮಾತು. ಜೋಗಿಮಟ್ಟಿಯ ದಾರಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಆದರೆ ಅದು ವನ್ಯಜೀವಿಧಾಮ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿಗಳಿಗೆಂದು ಕಾಯ್ದಿಟ್ಟ ಕಾಡು. ಚಳ್ಳಕೆರೆಯ ಕಾವಲುಗಳಲ್ಲಿ, ಅಂದರೆ ದನ ಮೇಯುವ ಹುಲ್ಲುಗಾವಲುಗಳಲ್ಲಿ, ಈಗ ರಕ್ಷಣೆ ಮತ್ತು ವಿಜ್ಞಾನ ಸಂಸ್ಥೆಗಳ ಬೇಲಿ ಎದ್ದಿದೆ. ಬೇಲಿಯಿಲ್ಲದ ಹುಲ್ಲುಗಾವಲಿನಲ್ಲೂ ಚಕ್ರದ ಜಾಡು ಮೂಡಿಸುವುದು ಒಳ್ಳೆಯ ಕೆಲಸವಲ್ಲ. ಹಾಗಾಗಿ ಉಳಿಯುವುದು ಖಾಸಗಿ ಜಮೀನು, ಅದೂ ಮಾಲೀಕ ಮನಸ್ಸಾರೆ ಒಪ್ಪಿದರೆ ಮಾತ್ರ. ಬಿತ್ತನೆಯ ಹೊಲ ಕೇಳಬಾರದು. ಹಸಿ ಎರೆಯ ಮೇಲೆ ಗಾಡಿ ಓಡಿದರೆ ಮಣ್ಣು ಒತ್ತಿ ಗಟ್ಟಿಯಾಗುತ್ತದೆ, ಮುಂದಿನ ಬೆಳೆಯ ಬೇರು ಇಳಿಯುವುದಿಲ್ಲ. ಗೋಕಟ್ಟೆಯ ಪಕ್ಕದ ಪಡ ಬಿದ್ದ ತುಂಡು ನಮಗೆ ಸಾಕಾಯಿತು.

ಮಳೆಗೆ ಕಾಯದೆ ಟ್ಯಾಂಕರ್ ನೀರು ಹೊಯ್ದು ಕೆಸರು ಮಾಡಿಕೊಳ್ಳಬಹುದೆಂಬ ಸಲಹೆ ಪ್ರತಿ ಸಲವೂ ಬರುತ್ತದೆ. ಮಾಡಿ ನೋಡಿದ್ದೇವೆ. ಬೇಸಿಗೆಯ ಎರೆಯಲ್ಲಿ ಕೈ ತೂರುವಷ್ಟು ಅಗಲದ ಬಿರುಕುಗಳು. ಅರ್ಧ ನೀರು ಅವುಗಳೊಳಗೆ ಇಳಿದು ಕಾಣೆಯಾಗುತ್ತದೆ. ಮೇಲೆ ನಾಲ್ಕು ಬೆರಳು ಜಾರು, ಅದರ ಕೆಳಗೆ ಗಟ್ಟಿ ನೆಲ. ಗಾಡಿ ಜಾರುತ್ತದೆಯೇ ಹೊರತು ಹೂಳುವುದಿಲ್ಲ. ಚಾಲನೆ ಕಲಿಸಲು ಟ್ಯಾಂಕರಿನ ಕೆಸರು ಚೆನ್ನ, ಗಾಡಿ ಎತ್ತುವುದನ್ನು ಕಲಿಸಲು ಮೂರು ನಾಲ್ಕು ಹದ ಮಳೆ ಬಿದ್ದ ನೆಲವೇ ಬೇಕು. ಚಿತ್ರದುರ್ಗದ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಯೇ ಜೋರು. ನಾವು ಆ ಹೊತ್ತಿಗೇ ದಿನ ಗೊತ್ತು ಮಾಡುತ್ತೇವೆ.

ಈಗ ಸಲಿಕೆ. ಕಬ್ಬಿಣದ ಅಂಗಡಿಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಸಾಮಾನು, ಹಾಗಾಗಿ ಅದಕ್ಕೆ ಮರ್ಯಾದೆ ಇಲ್ಲ. ಗಾಡಿ ಎಳೆಯಲು ಎಷ್ಟು ಬಲ ಬೇಕೆಂಬುದಕ್ಕೆ ಈ ಕೆಲಸದವರಲ್ಲಿ ಒಂದು ಒರಟು ಲೆಕ್ಕವಿದೆ: ಗಾಲಿಯ ಮಟ್ಟ ಹೂತರೆ ಗಾಡಿಯ ತೂಕದಷ್ಟು, ಮಡ್‌ಗಾರ್ಡಿನ ಮಟ್ಟ ಹೂತರೆ ಅದರ ಎರಡು ಪಾಲು, ಇನ್ನೂ ಆಳ ಹೋಗಿ ಬಾಡಿ ಮುಳುಗಿದರೆ ಮೂರು ಪಾಲು. ಮಹೀಂದ್ರ ಥಾರ್ ಜೀಪು ಸುಮಾರು 1.7 ಟನ್ ಇದೆ. ಅದು ಮಡ್‌ಗಾರ್ಡಿನ ತನಕ ಕೂತರೆ ಮೂರೂವರೆ ಟನ್ನಿನ ಹತ್ತಿರ ಎಳೆಯಬೇಕು. ಅರ್ಧ ಗಂಟೆ ಅಗೆದು, ಹೊಟ್ಟೆಯ ಕೆಳಗಿನ ಮಣ್ಣು ತೆಗೆದು, ಗಾಲಿಗಳ ಮುಂದೆ ಇಳಿಜಾರು ಕೊರೆದರೆ ಅದೇ ಗಾಡಿ ಅರ್ಧದಷ್ಟು ಬಲಕ್ಕೆ ಏಳುತ್ತದೆ. ಅಗೆಯದೆ ಎಳೆಯುವವನು ಗಾಡಿಯ ಜೊತೆ ಹೊಲವನ್ನೂ ಎಳೆಯುತ್ತಿರುತ್ತಾನೆ.

ಎರೆಗೆ ಇನ್ನೊಂದು ಗುಣವಿದೆ, ಅದನ್ನು ಹತ್ತಿರದಿಂದ ನೋಡಿದವರೇ ನಂಬುತ್ತಾರೆ. ಒಮ್ಮೆ ಮಾರುತಿ ಜಿಮ್ನಿ ಜೀಪಿನ ಹಿಂದಿನ ಗಾಲಿ ತಿರುಗುವುದೇ ನಿಂತಿತು. ಎಂಜಿನ್ ಸರಿ, ಗೇರ್ ಸರಿ. ಬಗ್ಗಿ ನೋಡಿದರೆ ಟೈರಿಗೂ ಒಳ ಮಡ್‌ಗಾರ್ಡಿಗೂ ನಡುವೆ ಮಣ್ಣು ಪದರ ಪದರವಾಗಿ ಮೆತ್ತಿ, ಒಳಗಿನ ಪದರ ಆಗಲೇ ಒಣಗಿ, ಹುಲ್ಲಿನ ಎಳೆಗಳು ಸೇರಿ, ಅಚ್ಚು ಹಾಕಿದ ಇಟ್ಟಿಗೆಯಾಗಿತ್ತು. ಸಲಿಕೆಯ ತುದಿ ಆ ಸಂದಿಗೆ ಹೋಗಲಿಲ್ಲ. ಜಮೀನಿನ ಮಾಲೀಕರು ಕಳೆ ತೆಗೆಯುವ ಕುರುಪಿ ತಂದು, ಒಂದೂ ಮಾತಾಡದೆ ಗಾಲಿಯ ಸುತ್ತ ಕೆರೆದು ಕೊಟ್ಟರು. ಗಾಲಿ ತಿರುಗಿತು, ಗಾಡಿ ತಾನಾಗಿಯೇ ಹೊರಬಂತು. ಅಂದಿನಿಂದ ಪ್ರತಿ ಗಾಡಿಯಲ್ಲೂ ಒಂದು ಕುರುಪಿ ಇರಲೇಬೇಕೆಂಬುದು ನಮ್ಮ ನಿಯಮ. ಆಮದು ಸಾಮಾನುಗಳ ಯಾವ ಪಟ್ಟಿಯಲ್ಲೂ ಅದು ನನಗೆ ಕಂಡಿಲ್ಲ.

ಟೈರಿನ ಗಾಳಿ ಇಳಿಸುವುದು ಸಲಿಕೆಯ ಜೋಡಿ ಪಾಠ. ರಸ್ತೆಯ 32 ಪಿಎಸ್‌ಐ ಗಾಳಿಯ ಒತ್ತಡವನ್ನು 18ರ ಆಸುಪಾಸಿಗೆ ತಂದರೆ ಟೈರು ನೆಲದ ಮೇಲೆ ಉದ್ದಕ್ಕೆ ಹರಡಿಕೊಳ್ಳುತ್ತದೆ, ತೂಕ ಹಂಚಿಹೋಗುತ್ತದೆ. ಹಿರಿಯೂರಿನ ಕಡೆ ವೇದಾವತಿಯ ಮರಳಿನಲ್ಲಾದರೆ ಇಷ್ಟರಿಂದಲೇ ಕೆಲಸ ಮುಗಿಯುತ್ತದೆ. ಹೂತ ಮೇಲೆ ಗಾಳಿ ಬಿಟ್ಟರೂ ಗಾಡಿ ಏಳುತ್ತದೆ. ಎರೆಯಲ್ಲಿ ಹಾಗಿಲ್ಲ. ಕೆಸರಿಗೆ ಇಳಿಯುವ ಮುಂಚೆಯೇ ಗಾಳಿ ಇಳಿಸಿರಬೇಕು; ಟೈರಿನ ಗೆರೆಗಳೊಳಗೆ ಮಣ್ಣು ತುಂಬಿ ನುಣ್ಣಗಾದ ಮೇಲೆ ಇಳಿಸಿದರೆ ಲಾಭ ಅಷ್ಟಕ್ಕಷ್ಟೆ. ಮರಳಿನ ಅನುಭವಿಗಳು ನಮ್ಮಲ್ಲಿಗೆ ಬಂದಾಗ ಎಡವುವುದು ಇಲ್ಲಿಯೇ. ತೀರಾ ಇಳಿಸಿ ಸ್ಟಿಯರಿಂಗ್ ಜೋರಾಗಿ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚುತ್ತದೆ, ಆದ್ದರಿಂದ ಹೊಸಬರಿಗೆ 18ಕ್ಕಿಂತ ಕೆಳಗೆ ಬಿಡುವುದಿಲ್ಲ. ಹೆದ್ದಾರಿ ಹತ್ತುವ ಮುಂಚೆ ಮತ್ತೆ ತುಂಬಲು ಚಿಕ್ಕ ಕಂಪ್ರೆಸರ್ ಬೇಕು, ಜೊತೆಗೆ ತಾಳ್ಮೆ.

ಗಾಲಿಯ ಕೆಳಗೆ ಕೊಡುವ ಹಲ್ಲುಳ್ಳ ಪ್ಲಾಸ್ಟಿಕ್ ಹಲಗೆಗಳ ಬಗ್ಗೆ ನನಗೆ ಅರ್ಧ ಮನಸ್ಸು. ಕೆಂಪು ಮಣ್ಣಿನಲ್ಲೂ ಮರಳಿನಲ್ಲೂ ಅವು ಹೇಳಿದ ಕೆಲಸ ಮಾಡುತ್ತವೆ. ಎರೆಯಲ್ಲಿ ಹಲ್ಲುಗಳ ನಡುವೆ ಮಣ್ಣು ತುಂಬಿ ಹಲಗೆಯೇ ಜಾರುಬಂಡಿಯಾಗುತ್ತದೆ. ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಿದರೆ ತಿರುಗುವ ಗಾಲಿಯ ಬಿಸಿಗೆ ಹಲ್ಲು ಕರಗುತ್ತದೆ. ಗಾಡಿ ದಾಟಿದ ಮೇಲೆ ಹಲಗೆ ಎಲ್ಲಿದೆ ಎಂದು ಹುಡುಕುವುದು ಇನ್ನೊಂದು ಕೆಲಸ. ಬಣ್ಣದ ದಾರ ಕಟ್ಟಿರದಿದ್ದರೆ ಮತ್ತೆ ಅಗೆಯಬೇಕು. ಇದರ ಎದುರಿಗೆ ನಾವು ನಿಲ್ಲಿಸಿದ್ದು ತೊಗರಿ ಕಟ್ಟಿಗೆಯ ಕಂತೆ ಮತ್ತು ಗೋಣಿಚೀಲ. ಕಂತೆ ಮೆತ್ತನೆಯ ಕೆಸರಿನಲ್ಲಿ ಹಲಗೆಗಿಂತ ಚೆನ್ನಾಗಿ ಹಿಡಿಯಿತು. ಆದರೆ ಓರೆಯಾಗಿ ಕತ್ತರಿಸಿದ ತೊಗರಿ ಕಡ್ಡಿಯ ತುದಿ ಮೊನಚು. ಗಾಳಿ ಇಳಿಸಿದ ಟೈರಿನ ಉಬ್ಬಿದ ಪಕ್ಕಕ್ಕೆ ಚುಚ್ಚಿಕೊಂಡರೆ ಆ ಟೈರು ಮುಗಿಯಿತು. ಗೋಣಿಚೀಲಕ್ಕೆ ಆ ಅಪಾಯವಿಲ್ಲ, ಬಾಳಿಕೆಯೂ ಇಲ್ಲ. ಒಂಟಿಯಾಗಿ ಓಡಾಡುವವರು ಹಲಗೆ ಇಟ್ಟುಕೊಳ್ಳಲಿ. ಗುಂಪಿನಲ್ಲಿ ಬರುವವರು ಆ ದುಡ್ಡನ್ನು ಹಗ್ಗಕ್ಕೆ ಹಾಕಲಿ.

ಹಗ್ಗದಲ್ಲಿ ಎರಡು ಜಾತಿ, ಇವುಗಳ ವ್ಯತ್ಯಾಸ ತಿಳಿಯುವುದೇ ಇಡೀ ದಿನದ ಬಹುಮುಖ್ಯ ಪಾಠ. ಕೈನೆಟಿಕ್ ಹಗ್ಗ ನೈಲಾನಿನದು, ಭಾರ ಬಿದ್ದರೆ ಶೇಕಡಾ 30ರ ತನಕ ಹಿಗ್ಗುತ್ತದೆ. ಎಳೆಯುವ ಗಾಡಿ ತುಸು ಸಡಿಲ ಬಿಟ್ಟು ಹೊರಡುತ್ತದೆ, ಅದರ ಓಟವನ್ನೆಲ್ಲ ಹಗ್ಗ ತನ್ನೊಳಗೆ ಕೂಡಿಸಿಕೊಂಡು, ಹೂತ ಗಾಡಿಗೆ ಒಂದೇ ಸಮನಾದ ಸೆಳೆತವಾಗಿ ಕೊಡುತ್ತದೆ. ಕೂತವನಿಗೆ ಜಗ್ಗಿದ್ದೇ ಗೊತ್ತಾಗುವುದಿಲ್ಲ. ಹಿಗ್ಗದ ಪಟ್ಟಿಗೆ ಅದೇ ಸಡಿಲ ಬಿಟ್ಟು ಓಡಿಸಿದರೆ ಕ್ಷಣಮಾತ್ರದಲ್ಲಿ ಬೀಳುವ ಹೊಡೆತಕ್ಕೆ ಕೊಂಡಿಯೋ ಬೋಲ್ಟೋ ಕಿತ್ತುಹೋಗುತ್ತದೆ. ಪಟ್ಟಿ ಅಗ್ಗ, ನಿಜ. ನಿಧಾನಕ್ಕೆ ಬಿಗಿ ಹಿಡಿದು ಎಳೆಯಲು, ಕೆಟ್ಟ ಗಾಡಿಯನ್ನು ಗ್ಯಾರೇಜಿಗೆ ಒಯ್ಯಲು ಅದೇ ಸರಿ. ಕೆಸರಿನಲ್ಲಿ ಜಗ್ಗಲು ಮಾತ್ರ ಬೇಡ.

ಹಗ್ಗವನ್ನು ಎಲ್ಲಿಗೆ ಸಿಕ್ಕಿಸುತ್ತೇವೆ ಎಂಬುದು ಹಗ್ಗಕ್ಕಿಂತ ದೊಡ್ಡ ವಿಷಯ. ಟ್ರೇಲರ್ ಕಟ್ಟುವ ಗುಂಡಿಗೆ ಸಿಕ್ಕಿಸುವುದು ಪ್ರಾಣಕ್ಕೆ ಸಂಚಕಾರ. ಅದು ಮುರಿದರೆ ಹಗ್ಗದಲ್ಲಿ ಕೂಡಿದ ಶಕ್ತಿಯೆಲ್ಲ ಆ ಕಬ್ಬಿಣದ ಗುಂಡನ್ನು ಹೊತ್ತು ಎದುರಿನ ಗಾಜಿಗೆ ಬರುತ್ತದೆ. ಕಾರುಗಳ ಬಂಪರಿಗೆ ತಿರುಗಿಸಿ ಹಾಕುವ ಸಣ್ಣ ಕೊಂಡಿ ಸಮತಟ್ಟು ರಸ್ತೆಯಲ್ಲಿ ಎಳೆದೊಯ್ಯಲು ಮಾತ್ರ. ಚಾಸಿಗೆ ಬೋಲ್ಟ್ ಮಾಡಿದ ಗಟ್ಟಿ ಕೊಂಡಿ ಇಲ್ಲದ ಗಾಡಿಯನ್ನು ನಾವು ಕೆಸರಿಗೇ ಇಳಿಸುವುದಿಲ್ಲ. ಇದರಿಂದ ಕೆಲವರು ಮುನಿಸಿಕೊಂಡು ಹೋಗಿದ್ದಾರೆ, ಹೋಗಲಿ. ಸಿಕ್ಕಿಸಲು ಮುಕ್ಕಾಲು ಇಂಚಿನ, 4.75 ಟನ್ ಎಂದು ಮೈಮೇಲೆ ಬರೆದ ಶ್ಯಾಕಲ್ (ಅಡ್ಡ ಪಿನ್ ಇರುವ ಕಬ್ಬಿಣದ ಕೊಂಡಿ) ಸಾಕು. ಹೆಣೆದ ಹಗ್ಗದ ಮೃದು ಶ್ಯಾಕಲ್ ಆದರೆ ಇನ್ನೂ ಒಳ್ಳೆಯದು, ಕಳಚಿ ಹಾರಿದರೂ ಗುಂಡೇಟಾಗುವುದಿಲ್ಲ. ಎಳೆಯುವಾಗ ಹಗ್ಗದ ಮೇಲೆ ಒದ್ದೆ ಗೋಣಿಚೀಲ ಹೊದಿಸುತ್ತೇವೆ. ನೋಡುವವರೆಲ್ಲ ಹಗ್ಗದ ಉದ್ದದ ಒಂದೂವರೆ ಪಾಲು ದೂರ ನಿಲ್ಲಬೇಕು, ಸನ್ನೆ ಮಾಡುವವನು ಒಬ್ಬನೇ ಇರಬೇಕು. ಈ ಕೊನೆಯದೇ ನಮ್ಮವರಿಗೆ ಅತಿ ಕಷ್ಟ. ಗಾಡಿ ಹೂತ ಕೂಡಲೇ ಊರಿನವರೆಲ್ಲ ಸನ್ನೆಗಾರರೇ.

ವಿಂಚ್ ಬಗ್ಗೆ ನನಗೆ ದ್ವೇಷವಿಲ್ಲ. ಈ ಐದರಲ್ಲಿ ಹದವಾಗಿ, ಇಂಚು ಇಂಚಾಗಿ ಎಳೆಯುವ ಸಾಧನ ಅದೊಂದೇ. ಕಡಿದಾದ ದರೆಯ ಅಂಚಿನಲ್ಲಿ ವಾಲಿದ ಗಾಡಿಗೆ ಹಗ್ಗದ ಜಗ್ಗಾಟ ಅಪಾಯ, ಅಲ್ಲಿ ವಿಂಚೇ ಬೇಕು. ಆದರೆ ಬೆಲೆ ಹತ್ತಾರು ಸಾವಿರ. 9500 ಪೌಂಡ್, ಅಂದರೆ ಸುಮಾರು 4300 ಕಿಲೋ ಎಂಬ ಶಕ್ತಿ ಡ್ರಮ್ಮಿನ ಮೇಲೆ ಹಗ್ಗದ ಕೆಳಗಿನ ಮೊದಲ ಪದರ ಮಾತ್ರ ಉಳಿದಾಗಿನ ಲೆಕ್ಕ. ಪದರ ಏರಿದಷ್ಟೂ ಬಲ ಇಳಿಯುತ್ತದೆ. ಪೂರ್ತಿ ಭಾರದಲ್ಲಿ ನಾನೂರು ಆಂಪಿಯರಿನ ಹತ್ತಿರ ಕರೆಂಟು ಕುಡಿಯುತ್ತದೆ, ನಡುನಡುವೆ ನಿಲ್ಲಿಸದಿದ್ದರೆ ಬ್ಯಾಟರಿ ಮಲಗುತ್ತದೆ. ರಾಟೆ ಹಾಕಿ ಹಗ್ಗ ಮಡಚಿದರೆ ಬಲ ಇಮ್ಮಡಿ, ವೇಗ ಅರ್ಧ.

ಇದೆಲ್ಲ ಸರಿ, ವಿಂಚಿನ ಹಗ್ಗದ ತುದಿ ಕಟ್ಟಲು ಆಸರೆ ಎಲ್ಲಿ? ಬದುವಿನ ಬೇವು ಒಂದೋ ಎಳೆಯದು, ಇಲ್ಲವೇ ವಿಂಚಿನ ಹಗ್ಗಕ್ಕೆ ನಿಲುಕದಷ್ಟು ದೂರ. ಬಳ್ಳಾರಿ ಜಾಲಿಗೆ ನಂಬುವಂಥ ಒಂದು ದಪ್ಪ ಬೊಡ್ಡೆಯಿಲ್ಲ, ಬರೀ ಮುಳ್ಳು. ದುರ್ಗದ ಬಂಡೆಗಳು ಎಂಥ ಭಾರಕ್ಕೂ ಅಲುಗುವುದಿಲ್ಲ, ಆದರೆ ಬಂಡೆ ಇರುವಲ್ಲಿ ಗಾಡಿ ಹೂಳುವುದಿಲ್ಲ, ಗಾಡಿ ಹೂಳುವಲ್ಲಿ ಬಂಡೆ ಇರುವುದಿಲ್ಲ. ಸ್ಟೆಪ್ನಿ ಟೈರನ್ನು ಹೂಳಿ ಆಸರೆ ಮಾಡಬಹುದು; ಹಸಿ ಎರೆಯಲ್ಲಿ ಅಷ್ಟು ಆಳ ತೋಡುವವನಿಗೆ ಅದೇ ಸಲಿಕೆಯಿಂದ ಗಾಡಿಯನ್ನೇ ಬಿಡಿಸುವುದು ಸುಲಭ. ಇನ್ನು ಇನ್ನೊಂದು ಗಾಡಿಯನ್ನೇ ಆಸರೆಯಾಗಿ ನಿಲ್ಲಿಸುವುದು. 1.2 ಟನ್ನಿನ ಜಿಮ್ನಿಯನ್ನು ಬ್ರೇಕ್ ಹಿಡಿದು ನಿಲ್ಲಿಸಿ ಹೂತ ಥಾರ್‌ನ ವಿಂಚ್ ಒತ್ತಿದೆವು. ಥಾರ್ ಕದಲಲಿಲ್ಲ. ಜಿಮ್ನಿಯೇ ನಾಲ್ಕೂ ಗಾಲಿ ಬಿಗಿಹಿಡಿದುಕೊಂಡು, ಮುಂದೆ ಮಣ್ಣಿನ ರಾಶಿ ತಳ್ಳುತ್ತಾ, ಥಾರ್ ಕಡೆಗೆ ಜಾರಿ ಬಂತು.

ಬೆಂಗಳೂರಿನಿಂದ ಒಮ್ಮೆ ಕರೆಸಿದ್ದ ತರಬೇತುದಾರರು ಬೆಳಗಿನ ಹೊತ್ತನ್ನೆಲ್ಲ ವಿಂಚ್ ಪ್ರಾತ್ಯಕ್ಷಿಕೆಗೇ ಕೊಟ್ಟರು, ಮರದ ಬದಲಿಗೆ ತಮ್ಮದೇ ಭಾರಿ ಗಾಡಿ ತಂದಿದ್ದರು. ಚಾಲನೆಯನ್ನು ಅವರು ನಮಗಿಂತ ಚೆನ್ನಾಗಿ ಕಲಿಸಿದರು, ಅದರಲ್ಲಿ ಎರಡು ಮಾತಿಲ್ಲ: ಲೋ ರೇಂಜಿನಲ್ಲಿ (ವೇಗ ತಗ್ಗಿಸಿ ಬಲ ಹೆಚ್ಚಿಸುವ ಗೇರ್) ಕ್ಲಚ್ ಮುಟ್ಟದೆ ಇಳಿಯುವುದು, ಗಾಲಿ ಎಲ್ಲಿ ಬೀಳಬೇಕೆಂದು ಮೊದಲು ನಡೆದು ನೋಡುವುದು. ಆದರೆ ಮಂಡಕ್ಕಿ ಮಿರ್ಚಿ ತಿನ್ನುವ ಹೊತ್ತಿಗೂ ನಮ್ಮವರಲ್ಲಿ ಅರ್ಧ ಜನ ಸಲಿಕೆ ಮುಟ್ಟಿರಲಿಲ್ಲ. ಈಗ ಚಾಲನೆಗೆ ಹೊರಗಿನವರು, ಗಾಡಿ ಎತ್ತುವ ಪಾಠಕ್ಕೆ ನಾವೇ.

ಉಳಿದದ್ದು ಟ್ರ್ಯಾಕ್ಟರ್. ಶುದ್ಧ ಆಫ್‌ರೋಡಿಗರು ಇದನ್ನು ಸೋಲೆಂದು ಎಣಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ, ಈ ಜಿಲ್ಲೆಗಳಲ್ಲಿ ನಿಜವಾಗಿ ಹೂತುಕೊಳ್ಳುವ ಈರುಳ್ಳಿ ಲಾರಿಯನ್ನೂ ಮದುವೆಯ ಟೆಂಪೊವನ್ನೂ ಎತ್ತುವುದು ಅದೇ. ದೊಡ್ಡ ಗಾಲಿ, ಆಳದ ಹಲ್ಲು, ತೀರಾ ಕೆಳಗಿನ ಗೇರ್; ಎರೆಯಲ್ಲಿ ಉಳಿದೆಲ್ಲವನ್ನೂ ಅದು ಮೀರಿಸುತ್ತದೆ. ಎಳೆಯುವ ರೀತಿಯಲ್ಲಿ ಮಾತ್ರ ಎರಡು ಅಪಾಯಗಳಿವೆ. ಒಂದು, ಸರಪಳಿ: ಅದು ಹಿಗ್ಗುವುದಿಲ್ಲ, ಹೂತ ಗಾಡಿಯ ಅಕ್ಸೆಲ್‌ಗೆ ಸುತ್ತಿ ಜಗ್ಗಿದರೆ ಬ್ರೇಕ್ ಪೈಪ್ ಮೊದಲು ಹೋಗುತ್ತದೆ. ಎರಡನೆಯದು ಇನ್ನೂ ಗಂಭೀರ. ಸರಪಳಿಯನ್ನು ಟ್ರ್ಯಾಕ್ಟರಿನ ಹಿಂದಿನ ಅಕ್ಸೆಲ್‌ಗಿಂತ ಮೇಲೆ, ಟಾಪ್ ಲಿಂಕ್ (ನೇಗಿಲಿನಂಥ ಸಾಧನ ಜೋಡಿಸುವ ಮೇಲಿನ ತೋಳು) ಜಾಗಕ್ಕೆ ಕಟ್ಟಿದರೆ ಎಳೆತಕ್ಕೆ ಟ್ರ್ಯಾಕ್ಟರಿನ ಮೂತಿ ಎದ್ದು ಹಿಂದಕ್ಕೆ ಮಗುಚುತ್ತದೆ, ಚಾಲಕ ಅದರಡಿ ಸಿಕ್ಕುತ್ತಾನೆ. ಕೆಳಗಿನ ಡ್ರಾಬಾರಿಗೇ, ಅಂದರೆ ಎಳೆಯಲೆಂದೇ ಇರುವ ಕಬ್ಬಿಣದ ಪಟ್ಟಿಗೇ ಕಟ್ಟಬೇಕು. ಹಾಗಾಗಿ ಟ್ರ್ಯಾಕ್ಟರ್ ಚಾಲಕರನ್ನೂ ಬೆಳಗಿನಿಂದಲೇ ಕರೆಸಿ ಪೂರ್ತಿ ದಿನದ ಬಾಡಿಗೆ ಕೊಟ್ಟು ಪಾಠದಲ್ಲಿ ಕೂರಿಸುತ್ತೇವೆ. ಕಳೆದ ಸಲ ಬಂದವರು ನಮ್ಮ ನೈಲಾನ್ ಹಗ್ಗವನ್ನು ಎರಡು ಸಲ ಜಗ್ಗಿ ನೋಡಿ, ಇದು ಎಲ್ಲಿ ಸಿಗುತ್ತದೆ ಎಂದು ಕೇಳಿದರು.

ಆ ಹಗ್ಗದ ಆರೈಕೆಯ ಒಂದು ಮಾತು ಹೇಳಿ ಬಿಡುತ್ತೇನೆ. ಎಳೆಗಳ ನಡುವೆ ಸೇರಿದ ಮಣ್ಣಿನ ಕಣ ಒಣಗಿದ ಮೇಲೆ ನಾರನ್ನು ಒಳಗಿನಿಂದಲೇ ಕೊಯ್ಯುತ್ತದೆ. ಅಂದೇ ಸಂಜೆ ಬರೀ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು, ನೆನೆದ ನೈಲಾನಿಗೆ ಬಲವೂ ಕಡಿಮೆ. ಪಂಪ್‌ಸೆಟ್ ಇರುವ ಜಮೀನನ್ನೇ ನಾವು ಆರಿಸುವುದಕ್ಕೆ ಇದೂ ಒಂದು ಕಾರಣ. ಗಾಡಿಗಳ ರೇಡಿಯೇಟರಿಗೂ ಬ್ರೇಕಿಗೂ ಅಲ್ಲೇ ನೀರು ಬಿಟ್ಟು, ಟೈರಿಗೆ ಗಾಳಿ ತುಂಬಿ, ಖಾಲಿ ದಾರಿಯಲ್ಲಿ ನಾಲ್ಕು ಸಲ ಬ್ರೇಕ್ ಒತ್ತಿ ಒಣಗಿಸಿದ ಮೇಲೆಯೇ ಹೆದ್ದಾರಿಗೆ ಬಿಡುತ್ತೇವೆ.