‘ಒರಿಜಿನಲ್ ಫಿಯೆಟ್ ಕ್ಲಿಪ್’ ಅಂತ ಫೋಟೋ ನೋಡಿ ಹೇಳುವವರಿಗೆ ದುಡ್ಡು ಹಾಕಬೇಡಿ

ಹಳೇ ಫಿಯೆಟ್ ರಿಸ್ಟೋರ್ ಮಾಡಿಸುತ್ತಿರುವವರು ದಯವಿಟ್ಟು ಓದಿ. 6,500 ರೂಪಾಯಿ ಹೋಯಿತು. ಅದಕ್ಕಿಂತ ಜಾಸ್ತಿ ಹೊಟ್ಟೆ ಉರಿಸಿದ್ದು ಮಾರಿದವನ ಮಾತು.

ನನ್ನದು 1968ರ 1100 ಡಿಲೈಟ್. ಹಳೇ ಓನರ್ ಗಾಡಿ ಜೊತೆ ಒಂದು ಹಾರ್ಲಿಕ್ಸ್ ಬಾಟಲಿ ತುಂಬಾ ಕ್ಲಿಪ್ಪು, ಸ್ಟಡ್ಡು (ನಟ್ ಹಾಕುವ ಥ್ರೆಡ್ ಇರುವ ಕಡ್ಡಿ), ವಾಷರ್ ಕೊಟ್ಟಿದ್ದರು. ಯಾವುದು ಬಾಗಿಲ ಬೀಡಿಂಗ್‌ದು (ಹೊರಗಡೆ ಉದ್ದಕ್ಕೆ ಕೂರುವ ಪಟ್ಟಿ), ಯಾವುದು ಬಾನೆಟ್‌ದು, ಯಾವುದು ಈ ಗಾಡಿಯದ್ದೇ ಅಲ್ಲ, ಒಂದೂ ಗೊತ್ತಿಲ್ಲ. ಹಳೇ ಸ್ಪೇರ್ಸ್ ಮಾರುವ ಒಬ್ಬನಿಗೆ ವಾಟ್ಸಾಪಿನಲ್ಲಿ ಫೋಟೋ ಕಳಿಸಿ, ಇದೇನು ಅಂತ ಕೇಳಿದೆ. ತಕ್ಷಣ ಉತ್ತರ: "ಪಕ್ಕಾ ಫಿಯೆಟ್ ಸೈಡ್ ಬೀಡಿಂಗ್ ಸಾರ್. ಓಲ್ಡ್ ಸ್ಟಾಕ್, ಫುಲ್ ಸೆಟ್ ಇದೆ." ಥ್ರೆಡ್ ಅಳತೆ ಕೇಳಿದೆ. "ಅಪ್ಪನ ಕಾಲದಿಂದ ಇದೇ ಕೆಲಸ ಸಾರ್, ನಮ್ಮ ಮೇಲೇ ಡೌಟಾ?" ಅಳತೆ ಮಾತ್ರ ಹೇಳಲೇ ಇಲ್ಲ. ಆದರೂ ನಂಬಿ ದುಡ್ಡು ಹಾಕಿದೆ.

ಪಾರ್ಸೆಲ್ ಮೇಲೆ ಮಾರ್ಕರ್ ಪೆನ್ನಿನಲ್ಲಿ ‘ಫಿಯೆಟ್’ ಅಂತ ಬರೆದಿತ್ತು. ಮಾರ್ಕರ್ ಪೆನ್ನಿನಲ್ಲಿ! ಹೊಸ ಪೇಂಟ್ ಆದ ಬಾಗಿಲಿಗೆ ಬೀಡಿಂಗ್ ಇಟ್ಟು, ಅದರ ಸ್ಟಡ್ಡಿಗೆ ಒಳಗಿನಿಂದ ಎಂ5 ನಟ್ (5 ಎಂಎಂ, ಮೆಟ್ರಿಕ್ ಅಳತೆಯದ್ದು) ಹಾಕಿದೆವು. ಹತ್ತಿತು, ಆದರೆ ಲೊಡಲೊಡ ಅಲ್ಲಾಡುತ್ತಿತ್ತು. ಸ್ಪ್ಯಾನರ್ ಹಾಕಿ ಸ್ವಲ್ಪ ಬಿಗಿ ಮಾಡಿದ್ದೇ ತಡ, ಥ್ರೆಡ್ ಕಿತ್ತುಕೊಂಡು ಬಂತು. ಬೀಡಿಂಗ್ ಜಾರಿ ಪೇಂಟ್ ಮೇಲೆ ಉದ್ದಕ್ಕೆ ಗೀರು. ಗ್ಯಾರೇಜಿನ ಮೇಸ್ತ್ರಿ ಸುಮ್ನೆ ಡಬ್ಬಿ ತಡಕಾಡಿ, 10-32 ಅನ್ನುವ ಇಂಚು ಥ್ರೆಡ್ಡಿನ ನಟ್ ತೆಗೆದು ಇನ್ನೊಂದು ಸ್ಟಡ್ಡಿಗೆ ಹಾಕಿದರು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಫಿಯೆಟ್ ಇಟಲಿ ಡಿಸೈನು, ಮೆಟ್ರಿಕ್ ಥ್ರೆಡ್. ಇಂಚಿನ ಥ್ರೆಡ್ ಇರುವುದು ಅಂಬಾಸಿಡರ್ ಥರ ಇಂಗ್ಲೆಂಡ್ ಮೂಲದ ಗಾಡಿಗಳಿಗೆ. ಅಪ್ಪನ ಕಾಲದಿಂದ ಮಾರುವವನಿಗೆ ಇಷ್ಟು ಗೊತ್ತಿಲ್ವಾ?

ಫೋನ್ ಮಾಡಿದೆ. "ಹಳೇ ಗಾಡಿಗೆ ಎಲ್ಲಾ ಒಂದೇ ಸಾರ್." ಆಮೇಲೆ, "ಬಾಗಿಲ ಒಳಗಡೆ ಇರೋದು, ಯಾರು ನೋಡ್ತಾರೆ?" ಜೋರು ಮಾಡಿದರೆ, "ನಿಮ್ಮ ಫೋಟೋದಲ್ಲಿರೋದನ್ನೇ ಕೊಟ್ಟಿದ್ದೀನಿ. ನಿಮ್ಮ ಸ್ಯಾಂಪಲ್ಲೇ ತಪ್ಪಿದ್ರೆ ನಾನೇನ್ ಮಾಡ್ಲಿ?" ಅಲ್ಲಯ್ಯಾ, ಅದೇನು ಅಂತ ಗೊತ್ತಿಲ್ಲದೆ ತಾನೇ ನಿನ್ನನ್ನು ಕೇಳಿದ್ದು! ವಾಪಸ್ ತಗೋ ಅಂದೆ. ಅಲ್ಲಿಗೆ ಉತ್ತರ ನಿಂತಿತು. ಬ್ಲೂ ಟಿಕ್ ಬರುತ್ತದೆ, ಉತ್ತರ ಇಲ್ಲ.

ವರ್ನಿಯರ್‌ನಲ್ಲಿ (ದಪ್ಪ ಅಳೆಯುವ ಸಾಧನ) ಹಿಡಿದು ಅಳತೆ ಕಾಣುವ ಫೋಟೋ ಕೇಳಿ. ನಟ್ ಹಾಕಿ ಬಿಗಿ ಮಾಡಿದ ವಿಡಿಯೋ ಕೇಳಿ. "ನಮ್ಮ ಮೇಲೇ ಡೌಟಾ" ಅಂದವನ ಹತ್ತಿರ ತಗೋಳ್ಳಲೇಬೇಡಿ.

ನಿನ್ನೆ ಅವನ ಸ್ಟೇಟಸ್ ನೋಡಿದೆ. ನಾನು ಕಳಿಸಿದ ಫೋಟೋನೇ, ನಮ್ಮ ಮನೆ ಟೇಬಲ್ಲಿನ ಹೂವಿನ ಶೀಟ್ ಸಮೇತ. ಕೆಳಗೆ ‘ಫಿಯೆಟ್ ಒರಿಜಿನಲ್, ಲಾಸ್ಟ್ ಸೆಟ್’.